ಹಿತ್ತಲ ಬೇಲಿಯ ಹೂವು

ಪ್ರೀತಿಯ ಪುಟ್ಟಿ,

ಬಿಳಿಗಿರಿರಂಗನ ಬೆಟ್ಟದಿಂದ ನಿನ್ನೆ ರಾತ್ರಿ ಬಂದೆವು. "ಹುಲಿ ಸಿಕ್ತಾ ಅಮ್ಮಾ" ಅಂತ ಕೇಳಿದ್ದೆಯಲ್ಲ, ಇಲ್ಲ ಕಣೇ. ಕೆ. ಗುಡಿಯ ಸಫಾರಿ ಶಿಬಿರದಿಂದ ಜೀಪಿನಲ್ಲಿ ಹೋದಾಗ ಕಂಡಿದ್ದು ಒಂದು ಕಡವೆ, ದಾರಿ ದಾಟುತ್ತಿದ್ದ ನಾಲ್ಕು ಕಾಟಿ. ಕಾಟಿಯ ಕಾಲು ನೀನು ನೋಡಬೇಕಿತ್ತು, ಸುಣ್ಣದಲ್ಲಿ ಅದ್ದಿ ತೆಗೆದ ಹಾಗೆ ಬೆಳ್ಳಗೆ! ಅಷ್ಟು ದೊಡ್ಡ ಪ್ರಾಣಿ ಪೊದೆಗೆ ನುಗ್ಗಿತು, ಮತ್ತೆ ಕಾಣಲೇ ಇಲ್ಲ.

ಆ ಪೊದೆ ಯಾವುದು ಗೊತ್ತಾ? ಲಂಟಾನ. ಚಿಕ್ಕವಳಿದ್ದಾಗ ನೀನು ಹೂ ಕಿತ್ತು, ಒಂದರೊಳಗೊಂದು ಸಿಕ್ಕಿಸಿ ಬಳೆ ಮಾಡಿಕೊಳ್ಳುತ್ತಿದ್ದೆಯಲ್ಲ, ಅದೇ. ದಾರಿಯ ಎರಡೂ ಕಡೆ ಆಳೆತ್ತರ ಬೆಳೆದು ನಿಂತಿದೆ.

ಮಧ್ಯಾಹ್ನ ಪೋಡಿನಲ್ಲಿ, ಅಂದರೆ ಈ ಕಾಡಿನ ಬುಡಕಟ್ಟು ಜನ ಸೋಲಿಗರ ಹಾಡಿಯಲ್ಲಿ, ಒಬ್ಬ ಸೋಲಿಗ ಅಜ್ಜ ಸಿಕ್ಕರು. ಲಂಟಾನದಿಂದ ಕಾಡಿಗೇನು ತೊಂದರೆ ಅಂತ ಕೇಳಿದ್ದಕ್ಕೆ ಸುಮ್ನೆ ಹೋಗಿ ಒಂದು ಲಂಟಾನ ಪೊದೆಯನ್ನು ಕೋಲಿನಿಂದ ಎತ್ತಿ ಹಿಡಿದರು. ನಾನು ಬಗ್ಗಿ ನೋಡಿದೆ. ಕೆಳಗೆ ಬರೀ ಮಣ್ಣು, ಒಣ ಕಡ್ಡಿ. ಒಂದು ಎಸಳು ಹುಲ್ಲಿಲ್ಲ. "ಹುಲ್ಲಿಲ್ಲ ಅಂದ್ಮೇಲೆ ಜಿಂಕೆ ಏನ ತಿಂದದು ಕಣವ್ವಾ" ಅಂದರು. ಆಮೇಲೆ ಒಂದು ನೆಲ್ಲಿ ಮರ ತೋರಿಸಿದರು. ನೆಲ್ಲಿಯ ಎಲೆ ಎಷ್ಟು ಸಣ್ಣದು ಅಲ್ವಾ? ಅದರ ನಡುವೆ ದಪ್ಪ ಎಲೆಯ ಬೇರೇನೋ ಗೊಂಚಲು. ಬಂದಳಿಕೆ, ಮರದ ರಸ ಹೀರಿ ಬದುಕುವ ಗಿಡ. ಅವರು ಅದನ್ನು ಉಪ್ಪಿಲು ಅಂತಾರೆ. ಅದು ಕೂತ ಕೊಂಬೆ ಅಲ್ಲಿಂದ ಮುಂದಕ್ಕೆ ಒಣಗಿತ್ತು.

ಮೊದಲೆಲ್ಲ ಇವರು ಬೇಸಿಗೆ ಬಿರುಸಾಗುವ ಮುಂಚೆಯೇ ತರಗು ಬೆಂಕಿ ಹಾಕುತ್ತಿದ್ದರಂತೆ. ನೆಲದ ತರಗೆಲೆ ಮಾತ್ರ ಸುಡುವ ಸಣ್ಣ ಬೆಂಕಿ. ಲಂಟಾನದ ಎಳೆ ಸಸಿ, ಉಪ್ಪಿಲು ಎರಡೂ ಅದರಿಂದ ಹದ್ದುಬಸ್ತಿನಲ್ಲಿ ಇರುತ್ತಿದ್ದವು ಅನ್ನುತ್ತಾರೆ ಅಜ್ಜ. 1974ರಲ್ಲಿ ಅಭಯಾರಣ್ಯ ಆದಮೇಲೆ ಬೆಂಕಿಗೆ ತಡೆ ಬಿತ್ತು. ಕಾಡಿಗೆ ಬೆಂಕಿ ಅಂದರೆ ಕೇಡು ಅಂತಲೇ ನಾನು ಇಷ್ಟು ದಿನ ತಿಳಿದಿದ್ದೆ. ಈಗ ಅಜ್ಜನ ಮಾತೇ ಸರಿ ಅನ್ನಿಸುತ್ತಿದೆ. ಇವತ್ತು ಆ ಒಣ ಲಂಟಾನಕ್ಕೆ ಕಿಡಿ ಬಿದ್ದರೆ ಉರಿ ಮರದ ತಲೆಯವರೆಗೂ ಏರುತ್ತದೆ. 2011ರಲ್ಲಿ ಈ ಕಾಡು ಹುಲಿ ಮೀಸಲಾಯಿತು. ಅದೇ ವರ್ಷ ಸೋಲಿಗರಿಗೆ ಜೇನು, ನೆಲ್ಲಿ ತರುವ ಹಕ್ಕೂ ಸಿಕ್ಕಿತು. ಕಾಡು ಬಲ್ಲ ಇವರ ಮಾತನ್ನು ಇನ್ನಷ್ಟು ಕೇಳಬೇಕು ಪುಟ್ಟಿ.

ಈ ಲಂಟಾನ ನಮ್ಮ ನಾಡಿನ ಗಿಡವಲ್ಲ. ಸುಮಾರು 200 ವರ್ಷದ ಹಿಂದೆ ಬ್ರಿಟಿಷರು ತೋಟದ ಅಂದಕ್ಕೆ ಅಂತ ತಂದರು. ಹಕ್ಕಿಗಳು ಹಣ್ಣು ತಿಂದು ಎಲ್ಲ ಕಡೆ ಬಿತ್ತಿದವು. ಅದನ್ನು ಯೋಚಿಸುತ್ತಲೇ ಬೆಟ್ಟ ಇಳಿದೆ.

ಯಾಕೆಂದರೆ ನಮ್ಮ ಹಿತ್ತಲ ಬೇಲಿಯಲ್ಲೂ ಒಂದಿದೆ. ಮೂರನೇ ಕ್ಲಾಸಿನಲ್ಲಿ ನೀನೇ ಕಡ್ಡಿ ತಂದು ನೆಟ್ಟಿದ್ದು. ಬೆಳಗ್ಗೆ ಗುದ್ದಲಿ ಹಿಡಿದು ಹೋದೆ. ಹಣ್ಣಿಗೆ ಪಿಕಳಾರ ಬಂದು ಕೂತಿತ್ತು. ನಿನ್ನನ್ನು ಕೇಳದೆ ಕೀಳಲು ಕೈ ಬರಲಿಲ್ಲ. ಅಲ್ಲಿ ನೆಲ್ಲಿ ಸಸಿ ಹಾಕೋಣ ಅಂತಾರೆ ಅಪ್ಪ. ಏನಂತೀಯ, ಬೇಗ ಬರೆ.

ನಿನ್ನ ಅಮ್ಮ