ಸರ್ಪಸುತ್ತು ಬಂದಾಗ ಜೊತೆಗಿದ್ದ ಎಲ್ರಿಗೂ

ಎಲ್ರಿಗೂ ನಮಸ್ಕಾರ. ನಿನ್ನೆ ರಾತ್ರಿ ನಾಲ್ಕು ತಿಂಗಳಾದ್ಮೇಲೆ ಮೊದಲ್ನೇ ಸಲ ಎಡಮಗ್ಗುಲಾಗಿ ಮಲಗಿ ಬೆಳಗಿನ ತನಕ ನಿದ್ದೆ ಮಾಡ್ದೆ, ಎದ್ದ ತಕ್ಷಣ ನಿಮ್ಮೆಲ್ರಿಗೂ ಇದನ್ನ ಬರೀಬೇಕು ಅನ್ನಿಸ್ತು.

ನನಗೆ ಕಿಡ್ನಿ ಕಸಿ ಆಗಿ ಎರಡು ವರ್ಷ ಆಯ್ತು, ಕೊಟ್ಟಿದ್ದು ನನ್ನ ಹೆಂಡ್ತಿ. ಅವಳ ಕಿಡ್ನಿನ ನನ್ನ ಮೈ ಪರಕೀಯ ಅಂತ ತಳ್ಳಬಾರ್ದು ಅಂತ ಟ್ಯಾಕ್ರೊಲಿಮಸ್, ಮೈಕೋಫೆನೊಲೇಟ್, ಸ್ಟೀರಾಯ್ಡ್ ದಿನಾ ತಗೋತೀನಿ, ಇವೆಲ್ಲಾ ರೋಗನಿರೋಧಕ ಶಕ್ತಿನ ಬೇಕಂತ್ಲೇ ತಗ್ಗಿಸಿ ಇಡೋ ಮಾತ್ರೆಗಳು. ಚಿಕ್ಕಂದಿನಲ್ಲಿ ಬಂದ ಸೀತಾಳೆ ಸಿಡುಬಿನ ವೈರಸ್ ಮೈ ಬಿಟ್ಟು ಹೋಗೋದೇ ಇಲ್ವಂತೆ, ನರದ ಬುಡದಲ್ಲಿ ವರ್ಷಗಟ್ಟಲೆ ಸುಮ್ನೆ ಕೂತಿದ್ದು ಕಾವಲು ಸಡಿಲ ಆದಾಗ ಅದೇ ನರ ಹಿಡ್ಕೊಂಡು ಚರ್ಮಕ್ಕೆ ಬರತ್ತೆ. ನಾವು ಸರ್ಪಸುತ್ತು ಅನ್ನೋದು ಇದನ್ನೇ.

ನನಗೆ ಗುಳ್ಳೆಗಿಂತ ಮೊದ್ಲು ನೋವು ಬಂತು. ಮೂರು ದಿನ ಎಡಗಡೆ ಪಕ್ಕೆಲುಬಿನ ಕೆಳಗೆ ಕೆಂಡ ಇಟ್ಟ ಹಾಗೆ, ಹೃದಯದ್ದೇನೋ ಅಂತ ಇಸಿಜಿ ಮಾಡಿಸ್ದೆ, ನಾರ್ಮಲ್ ಬಂತು, ಗ್ಯಾಸ್ ಅಂದ್ಕೊಂಡು ಸುಮ್ನಾದೆ. ನಾಲ್ಕನೇ ಸಂಜೆ ಹೆಂಡ್ತಿ ಬನಿಯನ್ ಎತ್ತಿ ನೋಡಿದ್ರೆ ಬೆನ್ನಿನ ಮೇಲೆ ಕೆಂಪಗೆ ಆಗಿ ಅದರ ಮೇಲೆ ಸಾಸಿವೆ ಕಾಳಿನಷ್ಟು ನೀರುಗುಳ್ಳೆ ಐದಾರು.

ಮುಲಾಮು ತರೋಕೆ ನಮ್ಮ ಬೀದಿ ಮೆಡಿಕಲ್ ಶಾಪಿಗೆ ಹೋದೆ. ಎರಡು ವರ್ಷದಿಂದ ನನ್ನ ಮಾತ್ರೆ ತರಿಸಿಕೊಡೋ ಹುಡುಗ ನೋಡಿದವ್ನೇ "ಸಾರ್, ನಿಮಗೆ ಮುಲಾಮು ಕೊಡಲ್ಲ, ನಿಮ್ಮದು ಕಸಿ ಆಗಿರೋ ಮೈ, ಈಗ್ಲೇ ನಿಮ್ಮ ಕಿಡ್ನಿ ಡಾಕ್ಟ್ರಿಗೆ ಫೋನ್ ಮಾಡಿ" ಅಂದ. ಗುಳ್ಳೆ ಕಾಣಿಸಿದ 72 ಗಂಟೆ ಒಳಗೆ ಔಷಧಿ ಶುರುವಾಗೋದು ಒಳ್ಳೇದು ಅಂತ ಆಮೇಲೆ ಗೊತ್ತಾಯ್ತು. ತಮ್ಮಾ, ಹತ್ತು ರೂಪಾಯಿ ವ್ಯಾಪಾರ ಬಿಟ್ಟು ನನ್ನ ಉಳಿಸ್ದೆ ನೀನು.

ಅದೇ ರಾತ್ರಿ ಹಾಸನದಿಂದ ಬೆಂಗಳೂರಿಗೆ ಕಾರು ಓಡಿಸಿದ ಪಕ್ಕದ್ಮನೆ ಅಣ್ಣನಿಗೆ, ಪ್ರತಿ ಹಂಪ್ ಹತ್ರನೂ ನನ್ನ ಮುಖ ನೋಡಿ ಬ್ರೇಕ್ ಒತ್ತಿದ್ದಕ್ಕೆ, ಎಷ್ಟು ಹೇಳಿದ್ರೂ ಸಾಲದು.

ದೊಡ್ಡಮ್ಮ ಬಟ್ಟಲಲ್ಲಿ ಕೆಮ್ಮಣ್ಣು ಕಲಸಿ ಇಟ್ಟಿದ್ರು, ಹಾವಿನ ತಲೆ ಬಾಲ ಸೇರಿಬಿಟ್ರೆ ಉಳಿಯಲ್ಲ ಅಂತ ಅವರಿಗೆ ಜೀವ ಹೋದಷ್ಟು ಭಯ. ಡಾಕ್ಟ್ರು ಅವರಿಗೆ ಫೋನಲ್ಲೇ ಸಮಾಧಾನವಾಗಿ ಹೇಳಿದ್ರು, ಒಂದೇ ನರದ ದಾರಿಯಲ್ಲಿ ಬರೋದ್ರಿಂದ ಸಾಮಾನ್ಯವಾಗಿ ಮೈಯ ಒಂದೇ ಕಡೆ ಇರತ್ತೆ, ಆದ್ರೆ ನಿಮ್ಮ ಮಗನಂಥವ್ರಿಗೆ ಬೇರೆ ಕಡೆಗೂ, ಒಳಗಿನ ಅಂಗಕ್ಕೂ ಹರಡಬಹುದು, ಭಯ ಇರೋದು ಅಲ್ಲಿ ಅಂತ. ಹಾಗೇ ಆಯ್ತು ಕೂಡ, ಎರಡನೇ ದಿನ ಹೊಟ್ಟೆ ಮೇಲೆ, ತೊಡೆ ಮೇಲೆ ಒಂದೊಂದು ಗುಳ್ಳೆ ಕಂಡ್ವು. ದೊಡ್ಡಮ್ಮ ಆ ಕೆಮ್ಮಣ್ಣು ಹಚ್ಚದೆ, ನಾನು ವಾಪಸ್ ಬಂದ್ಮೇಲೆ ಎಷ್ಟೋ ರಾತ್ರಿ ಬೀಸಣಿಗೆ ಹಿಡ್ಕೊಂಡು ಕೂತ್ರು, ಫ್ಯಾನ್ ಗಾಳಿಗೆ ಬಟ್ಟೆ ಅಲ್ಲಾಡಿದ್ರೂ ನಂಗೆ ಕಣ್ಣಲ್ಲಿ ನೀರು ಬರ್ತಿತ್ತು.

ಆಸ್ಪತ್ರೆಲಿ ಏಳು ದಿನ ಅಸೈಕ್ಲೊವಿರ್ ಅನ್ನೋ ವೈರಸ್ ತಡೆಯೋ ಔಷಧಿನ ರಕ್ತನಾಳದ ಮೂಲಕ ಹಾಕಿದ್ರು. ಅದು ಕಿಡ್ನಿಲಿ ಹರಳುಗಟ್ಟಬಹುದು ಅಂತ ಡ್ರಿಪ್ ನಿಧಾನ ಮಾಡಿ, ಮೂತ್ರ ಅಳತೆ ಬರೆದಿಟ್ಟು, ಕಿಡ್ನಿ ಸರಿ ಕೆಲಸ ಮಾಡ್ತಿದ್ಯಾ ಅಂತ ತೋರಿಸೋ ರಕ್ತದ ಕ್ರಿಯಾಟಿನಿನ್ ಏರ್ತಾ ಇದ್ಯಾ ಅಂತ ದಿನಾ ನೋಡಿದ ನರ್ಸಮ್ಮಂದಿರಿಗೆ ಕೈ ಮುಗಿದೆ. ನನ್ನ ಹೆಂಡ್ತಿ ಕೊಟ್ಟ ಕಿಡ್ನಿನ ಅವರೂ ತಮ್ಮದೇ ಅನ್ನೋ ಹಾಗೆ ಕಾದ್ರು.

ಕೆಳಗಿನ ಮನೆ ಹುಡುಗಿಗೆ ಇನ್ನೊಂದು ಮಾತು. ನೀನು ಗರ್ಭಿಣಿ, ಸೀತಾಳೆನೂ ಬಂದಿಲ್ಲ ಅಂದಿದ್ದೆ, ಗುಳ್ಳೆಯ ನೀರಿನಿಂದ ನಿನಗೆ ಅದು ಅಂಟಬಹುದು ಅಂತ ಬಾಗಿಲಲ್ಲೇ ತಡೆದ್ವಿ. ಬೇಜಾರು ಮಾಡ್ಕೊಳ್ದೆ ಮೆಟ್ಟಿಲ ಮೇಲೆ ಗಂಜಿ ಡಬ್ಬಿ ಇಟ್ಟು ಹೋಗ್ತಿದ್ದೆ ಕಣಮ್ಮ.

ಗುಳ್ಳೆ ಒಣಗಿದ್ಮೇಲೂ ನರದ ನೋವು ಬಿಡಲಿಲ್ಲ, ಈಗ ಅದಕ್ಕೆ ಕೊಡೋ ಪ್ರಿಗಾಬಲಿನ್ ಮಾತ್ರೆ ಕಮ್ಮಿ ಡೋಸಲ್ಲಿ ಇದೆ. ನನ್ನ ಹಾಗೇ ರೋಗನಿರೋಧಕ ಶಕ್ತಿ ತಗ್ಗಿರೋರು, ಅಂದ್ರೆ ಕ್ಯಾನ್ಸರಿಗೆ ಕೀಮೋ ತಗೋತಿರೋರು, ಕೀಲುವಾತಕ್ಕೆ ಸ್ಟೀರಾಯ್ಡ್ ಅಥವಾ ಟೊಫಾಸಿಟಿನಿಬ್ ಮಾತ್ರೆ ನುಂಗೋರು, ಎಚ್‌ಐವಿ ಇರೋರು ದಯವಿಟ್ಟು ಒಂದೇ ಕಡೆ ಉರಿ ನೋವು, ಗುಳ್ಳೆ ಕಂಡ್ರೆ ಬೆಳಗಾಗಲಿ ಅಂತ ಕಾಯಬೇಡಿ, ಮೂಗಿನ ತುದಿಲೋ ಕಣ್ಣಿನ ಹತ್ರಾನೋ ಬಂದ್ರಂತೂ ಕಣ್ಣಿನ ಡಾಕ್ಟ್ರನ್ನೂ ಅವತ್ತೇ ನೋಡಿ.

ಲಸಿಕೆ ಇದೆ, ಶಿಂಗ್ರಿಕ್ಸ್ ಅಂತ, 2023ರಿಂದ ನಮ್ಮ ದೇಶದಲ್ಲೂ ಸಿಗತ್ತೆ, ಎರಡು ಡೋಸ್, ರೇಟು ಜಾಸ್ತಿನೇ. ಅದರಲ್ಲಿ ಜೀವಂತ ವೈರಸ್ ಇಲ್ಲ, ಅದಕ್ಕೇ ನನ್ನಂಥವ್ರಿಗೂ ಕೊಡಬಹುದು ಅಂತ ಡಾಕ್ಟ್ರು ಹೇಳಿದ್ರು. ನಂಗೆ 52, ಹೆಂಡ್ತಿಗೆ 50 ತುಂಬ್ತು, ಮುಂದಿನ ತಿಂಗಳು ಇಬ್ರೂ ಒಟ್ಟಿಗೆ ಹೋಗಿ ಹಾಕಿಸ್ಕೊಂಡು ಬರ್ತೀವಿ. ಅವತ್ತು ಬನಿಯನ್ ಎತ್ತಿ ನೋಡಿದ್ದಕ್ಕೆ ಅವಳಿಗೆ ಇನ್ನೂ ಸರಿಯಾಗಿ ಥ್ಯಾಂಕ್ಸ್ ಹೇಳಿಲ್ಲ, ಇವತ್ತು ಕಾಫಿ ನಾನೇ ಮಾಡಿ ಕೊಟ್ಟು ಹೇಳ್ತೀನಿ.