ನಂಬರ್ ಉಂಟು ಸರಿ, ಅದರ ಹಿಂದೆ ಏನುಂಟು?

ಸಂಪಾದಕರಿಗೆ ನಮಸ್ಕಾರ.

ಮೊನ್ನೆ ಥಾಣೆಯಲ್ಲಿ ನಮ್ಮೂರಿನವರದ್ದೊಂದು ಮದುವೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತ ಹುಡುಗ ಪವಾಯಿಯಲ್ಲಿ ಐಟಿ ಕೆಲಸದವನು. ಅನ್ನ ಬರುವ ಮೊದಲೇ ಫೋನ್ ತೆಗೆದು ಒಂದು ಜಾಹೀರಾತು ತೋರಿಸಿದ. ಕಲ್ಯಾಣದ ಆಚೆ ಎಲ್ಲೋ ಎರಡು ಟವರ್, ಮೇಲೆ ಈಜುಕೊಳ, ಕೆಳಗೆ ನಗುವ ಕುಟುಂಬ. "ಮಾಮ, ಮಹಾರೇರಾ ನಂಬರ್ ಉಂಟು, ಕ್ಯೂಆರ್ ಕೋಡೂ ಉಂಟು. ಇನ್ನೇನು ನೋಡ್ಲಿಕ್ಕುಂಟು?" ಅಂತ ಕೇಳಿದ. ಮಹಾರೇರಾ ಅಂದರೆ ಮಹಾರಾಷ್ಟ್ರದಲ್ಲಿ ಹೊಸ ಕಟ್ಟಡಗಳ ಮಾರಾಟದ ಮೇಲೆ ಕಣ್ಣಿಡುವ ಸರಕಾರಿ ಪ್ರಾಧಿಕಾರ, ಅಲ್ಲಿ ನೋಂದಾಯಿಸಿದ ಪ್ರಾಜೆಕ್ಟಿಗೆ ಸಿಗುವುದು ಆ ನಂಬರ್. ನನ್ನ ಬಾಯಲ್ಲಿ ಕೋಸಂಬರಿ ಇತ್ತು. ಅದೇ ನೆಪ ಮಾಡಿ ತಲೆ ಅಲ್ಲಾಡಿಸಿ ಸುಮ್ಮನಾದೆ. ಅವನಿಗೆ ಕೊಡಬೇಕಿದ್ದ ಉತ್ತರವನ್ನು ನಿಮ್ಮ ಪತ್ರಿಕೆಗೆ ಬರೆಯುತ್ತಿದ್ದೇನೆ. ಅವನ ಹಾಗೆ ಕೇಳುವವರು ನಮ್ಮಲ್ಲಿ ತುಂಬಾ ಜನ ಇದ್ದಾರೆ.

ನಾನು ಡೊಂಬಿವಲಿ ಪೂರ್ವದಲ್ಲಿ 2001ರಿಂದ ಎಸ್ಟೇಟ್ ಏಜೆಂಟ್. ಊರಿನ ಮಾತಲ್ಲಿ ದಲ್ಲಾಳಿ. ಈಗಿನ ಬಿಲ್ಡರುಗಳು ನಮ್ಮನ್ನು 'ಚಾನೆಲ್ ಪಾರ್ಟ್ನರ್' ಅಂತ ಕರೆಯುತ್ತಾರೆ. ಹೆಸರು ದೊಡ್ಡದಾಯಿತು, ಕಮಿಷನ್ ಬರುವುದು ಮಾತ್ರ ಮೊದಲಿನ ಹಾಗೇ ತಡವಾಗಿ. 1984ರಲ್ಲಿ ಕುಂದಾಪುರದ ಕಡೆಯಿಂದ ಮುಂಬೈಗೆ ಬಂದವನು. ಹಗಲು ಫೋರ್ಟಿನ ಕ್ಯಾಂಟೀನಿನಲ್ಲಿ ಟೇಬಲ್ ಒರೆಸಿ, ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋಗಿ 1987ರಲ್ಲಿ ಎಸ್ಸೆಸ್ಸಿ ಮುಗಿಸಿದೆ. ಈ ಧಂದೆಗೆ ಇಳಿದಾಗ ಬೇಕಾದದ್ದು ಒಂದು ಸ್ಕೂಟರ್, ಒಂದು ಡೈರಿ, ನಾಲ್ಕು ಫ್ಲ್ಯಾಟುಗಳ ಬೀಗದ ಕೈ. ಅಷ್ಟೇ.

ನಾನೇನು ಸತ್ಯಹರಿಶ್ಚಂದ್ರ ಅಲ್ಲ. 400 ಚದರ ಅಡಿ ಮನೆಯನ್ನು 'ಸೂಪರ್ ಬಿಲ್ಟ್‌ಅಪ್ 600' ಅಂತ ಹೇಳಿ ತೋರಿಸಿದ್ದೇನೆ. ಗಿರಾಕಿ ಒಳಗೆಲ್ಲ ಅಡ್ಡಾಡಿ "ಉಳಿದ 200 ಎಲ್ಲಿ?" ಅಂತ ಕೇಳಿದರೆ ಲಿಫ್ಟನ್ನೂ ಮೆಟ್ಟಿಲನ್ನೂ ತೋರಿಸುತ್ತಿದ್ದೆವು. ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು. ರೇರಾ ಅನ್ನುವ ರಿಯಲ್ ಎಸ್ಟೇಟ್ ಕಾನೂನು ಬಂದ ಮೇಲೆ ಆ ಆಟ ನಿಂತಿತು. ಈಗ ಲೆಕ್ಕ ಕಾರ್ಪೆಟ್ ಏರಿಯಾದ್ದು, ಅಂದರೆ ಗೋಡೆಗಳ ಒಳಗೆ ನಾವು ಕಾಲಿಡುವ ಜಾಗದ್ದು. ಒಳ್ಳೆಯದೇ ಆಯಿತು.

ಮಹಾರೇರಾ ಶುರುವಾಗಿದ್ದು 2017ರ ಮೇ 1ರಂದು, ಮಹಾರಾಷ್ಟ್ರ ದಿನ. ಅದೇ ವರ್ಷ 10,000 ರೂಪಾಯಿ ಕಟ್ಟಿ ನಾನೂ ನೋಂದಣಿ ಮಾಡಿಸಿದೆ. ಒಬ್ಬನೇ ನಡೆಸುವವನಿಗೆ 10,000, ಕಂಪನಿಗೆ ಒಂದು ಲಕ್ಷ, ಐದು ವರ್ಷದ ಲೈಸೆನ್ಸು. ಅರ್ಜಿ, ಫೋಟೋ, ದುಡ್ಡು, ಎಲ್ಲ ಆನ್‌ಲೈನ್. ಯಾವ ಟೇಬಲಿನ ಕೆಳಗೂ ಏನೂ ಕೊಡಬೇಕಾಗಲಿಲ್ಲ. ಮುಂಬೈಯಲ್ಲಿ ಹೋಟೆಲು ನಡೆಸುವ ನಮ್ಮವರಿಗೆ ಇದನ್ನು ಹೇಳಿದರೆ ನಂಬುವುದೇ ಇಲ್ಲ. ಮಾರಾಯ್ರೆ, ನಿಜ.

ಆಮೇಲೆ ಪರೀಕ್ಷೆ ಬಂತು. 2023ರಲ್ಲಿ ಹೊಸ ನಿಯಮ: ಏಜೆಂಟರು 20 ಗಂಟೆಯ ತರಬೇತಿ ಪಡೆದು ಪರೀಕ್ಷೆ ಪಾಸಾಗಬೇಕು. 2024ರ ಜನವರಿ 1ರಿಂದ ಆ ಸರ್ಟಿಫಿಕೇಟ್ ಇಲ್ಲದೆ ಕೆಲಸ ಮಾಡುವ ಹಾಗಿಲ್ಲ. ಪರೀಕ್ಷೆ ನಡೆಸುವುದು ಬ್ಯಾಂಕ್ ಕ್ಲರ್ಕುಗಳ ಪರೀಕ್ಷೆ ನಡೆಸುವ ಅದೇ ಸಂಸ್ಥೆ, ಐಬಿಪಿಎಸ್. ನಮ್ಮ ರಸ್ತೆಯ ಏಜೆಂಟರೆಲ್ಲ ಚಹಾದ ಅಂಗಡಿ ಮುಂದೆ ಸೇರಿ ಬೈದದ್ದೇ ಬೈದದ್ದು. "ಇಪ್ಪತ್ತು ವರ್ಷ ಮನೆ ಮಾರಿದವರಿಗೆ ಇವರೇನು ಕಲಿಸ್ತಾರೆ?" ಅಂತ ನಾನೂ ದನಿ ಸೇರಿಸಿದೆ.

ಸೇರಿಸಿದೆ ನಿಜ, ಆದರೆ ರಾತ್ರಿ ಊಟ ಆದ ಮೇಲೆ ಕನ್ನಡಕ ಹಾಕಿಕೊಂಡು ಓದಲು ಕೂತೆ. 36 ವರ್ಷದ ಮೇಲೆ ಮತ್ತೆ ಪಾಠ. ಮಗಳು ಮೌಸ್ ಹಿಡಿಯುವುದನ್ನು ಹೇಳಿಕೊಟ್ಟಳು. ನನಗೆ ಫೋನ್ ಗೊತ್ತು, ಕಂಪ್ಯೂಟರ್ ಅಷ್ಟಾಗಿ ಗೊತ್ತಿಲ್ಲ. ಮಳೆಗಾಲದ ಒಂದು ಬೆಳಿಗ್ಗೆ ಪರೀಕ್ಷೆಗೆ ಹೋದೆ. ಬಾಗಿಲಲ್ಲಿ ಹುಡುಗನೊಬ್ಬ ಜೇಬು ತಡಕಿದ. ಎಲೆ-ಅಡಿಕೆಯ ಚೀಲ ಹೊರಗೇ ಇಡಿಸಿದ. ಪಕ್ಕದ ಸೀಟಿನಲ್ಲಿ ನನ್ನ ಮಗನ ವಯಸ್ಸಿನವನು. ನಾನು ಮರಾಠಿಯಲ್ಲಿ ಬರೆದೆ. ಕೈಯಲ್ಲಿ ಬೆವರು, ಮೌಸ್ ಜಾರುತ್ತಿತ್ತು.

ಪಾಸಾದೆ. ಮನೆಯಲ್ಲಿ ಪಾಯಸ ಮಾಡಿದರು, ನಗಬೇಡಿ.

ಈಗ ಹೇಳುತ್ತೇನೆ, ಆ ಓದಿನಿಂದ ನನಗೆ ಉಪಯೋಗ ಆಯಿತು. ಅಗ್ರಿಮೆಂಟ್ ರಿಜಿಸ್ಟರ್ ಮಾಡದೆ ಬಿಲ್ಡರ್ ಬೆಲೆಯ 10 ಪರ್ಸೆಂಟಿಗಿಂತ ಜಾಸ್ತಿ ತಗೊಳ್ಳಬಾರದು ಅನ್ನುವುದು ಕಾನೂನು ಬಂದಾಗಿನಿಂದ ಇದೆ. ನಾನು ಅದನ್ನು ಕಿವಿಯಲ್ಲಿ ಕೇಳಿದ್ದೆ, ಯಾವ ಗಿರಾಕಿಗೂ ಗಟ್ಟಿಯಾಗಿ ಹೇಳಿರಲಿಲ್ಲ. ಈಗ ಹೇಳುತ್ತೇನೆ. 40 ಲಕ್ಷದ ಫ್ಲ್ಯಾಟಿಗೆ ಅಗ್ರಿಮೆಂಟಿನ ಮೊದಲು ನಾಲ್ಕು ಲಕ್ಷ, ಅದರ ಮೇಲೆ ಒಂದು ರೂಪಾಯಿಯೂ ಬೇಡ.

2024ರಲ್ಲಿ ಮಹಾರೇರಾ, ಸರ್ಟಿಫಿಕೇಟ್ ತೋರಿಸದ ಸುಮಾರು 20,000 ಏಜೆಂಟರ ನೋಂದಣಿಯನ್ನು ತಡೆಹಿಡಿಯಿತು. ಕಾಗದದ ಮೇಲೆ ದೊಡ್ಡ ಕೆಲಸ. ನಮ್ಮ ರಸ್ತೆಯಲ್ಲಿ ಮಾತ್ರ ಒಂದೇ ಒಂದು ಅಂಗಡಿಯ ಶಟರೂ ಇಳಿಯಲಿಲ್ಲ. ಬಾಡಿಗೆ ಮನೆ ಕೊಡಿಸಲು, ಲೀವ್ ಅಂಡ್ ಲೈಸೆನ್ಸ್ ಅನ್ನುವ ಬಾಡಿಗೆ ಕರಾರು ಮಾಡಿಸಲು ಏಜೆಂಟನ ಈ ನೋಂದಣಿ ನಂಬರ್ ಬೇಡವೇ ಬೇಡ. ಹೊಸ ಪ್ರಾಜೆಕ್ಟಿನ ಫ್ಲ್ಯಾಟ್ ಮಾರಲು ಬೇಕು. ಅಲ್ಲಿಯೂ ಒಬ್ಬನ ನಂಬರಿನಲ್ಲಿ ಮೂರು ಜನ ಓಡಾಡುತ್ತಾರೆ. ಸೈಟ್ ಆಫೀಸಿನಲ್ಲಿ ರಿಸೆಪ್ಶನ್ ಹುಡುಗಿ ಏಜೆಂಟನ ಕಾರ್ಡ್ ಕೇಳುತ್ತಾಳೆ, ಸರ್ಟಿಫಿಕೇಟ್ ಕೇಳುವುದನ್ನು ನಾನು ಕಂಡಿಲ್ಲ.

ಇರಲಿ, ನಮ್ಮ ಕಥೆ ಸಣ್ಣದು. ನಾನು ಹೇಳಬೇಕೆಂದಿರುವುದು ಬೇರೆ.

ನಮ್ಮೂರಿನ ಒಬ್ಬ ಅಡುಗೆಯವ ಇದ್ದಾನೆ. ಮದುವೆ, ಉಪನಯನಕ್ಕೆ ಮುಂಬೈ, ಪುಣೆ ಎಲ್ಲ ಸುತ್ತುತ್ತಾನೆ. 2020ರ ಸುಮಾರಿಗೆ ಒಂದು ಬ್ರೋಶರ್ ಹಿಡಿದು ನನ್ನ ಅಂಗಡಿಗೆ ಬಂದ. ಡೊಂಬಿವಲಿಯ ಒಂದು ಕಟ್ಟಡ. ಆರನೇ ಸ್ಲ್ಯಾಬ್ ಬಿದ್ದಿತ್ತು. ಬೆಲೆ ಸುತ್ತಮುತ್ತಲಿಗಿಂತ ಕಡಿಮೆ. ಬ್ರೋಶರಿನಲ್ಲಿ ಮಹಾರೇರಾ ನಂಬರ್ ಇತ್ತು, ಥಾಣೆ ಜಿಲ್ಲೆಯ ಪಿ517ರಿಂದ ಶುರುವಾಗುವಂಥದ್ದು. ನಾನು ಅವನ ಎದುರಿಗೇ ವೆಬ್‌ಸೈಟ್ ತೆಗೆದು ನಂಬರ್ ಹಾಕಿದೆ. ಪುಟ ತೆರೆಯಿತು. ಪಾಲಿಕೆಯ ಕಮೆನ್ಸ್‌ಮೆಂಟ್ ಸರ್ಟಿಫಿಕೇಟೂ (ಕಟ್ಟಡ ಕಟ್ಟಲು ಶುರು ಮಾಡುವ ಪರವಾನಗಿ) ಇತ್ತು, ಮೊಹರು, ಸಹಿ ಸಮೇತ. "ಎಲ್ಲ ಸರಿ ಉಂಟು, ತಗೋ" ಅಂದೆ. ಕಮಿಷನ್ ಲೆಕ್ಕವೂ ಮನಸ್ಸಿನಲ್ಲೇ ಹಾಕಿಯಾಗಿತ್ತು.

ಬ್ಯಾಂಕು ಅವನಿಗೆ ಸಾಲ ಕೊಡಲಿಲ್ಲ. ಅಡುಗೆಯವನ ಸಂಬಳ ಕೈಗೆ ಬರುವ ನೋಟು, ಪಗಾರ್ ಸ್ಲಿಪ್ ಎಲ್ಲಿಂದ ತರುವುದು? ಮೂರು ಬ್ಯಾಂಕು ಅಲೆದ. ಕೊನೆಗೆ ಬಿಟ್ಟ. "ನೀವು ಮನಸ್ಸು ಮಾಡಿದ್ದರೆ ಸಾಲ ಮಾಡಿಸಬಹುದಿತ್ತು" ಅಂತ ನನ್ನ ಮೇಲೆ ಮುನಿಸಿಕೊಂಡು ಆರು ತಿಂಗಳು ಮಾತು ಬಿಟ್ಟಿದ್ದ. ಕಮಿಷನ್ ಹೋಯಿತಲ್ಲ ಅಂತ ನಾನೂ ಬ್ಯಾಂಕಿನವರಿಗೆ ಬೈದೆ.

2022ರಲ್ಲಿ ಆ ಕಟ್ಟಡದ ಕಾಗದ ಸುಳ್ಳು ಅಂತ ಗೊತ್ತಾಯಿತು. ಕಮೆನ್ಸ್‌ಮೆಂಟ್ ಸರ್ಟಿಫಿಕೇಟನ್ನು ಬಿಲ್ಡರ್ ತಾನೇ ತಯಾರು ಮಾಡಿಸಿದ್ದ. ನನ್ನ 19 ವರ್ಷದ ಅನುಭವಕ್ಕೆ ಅದು ತಿಳಿಯಲಿಲ್ಲ. ಅಡುಗೆಯವನನ್ನು ಉಳಿಸಿದ್ದು ಅವನ ಬಳಿ ಇಲ್ಲದ ಪಗಾರ್ ಸ್ಲಿಪ್. ಈಗ ಸಿಕ್ಕಾಗೆಲ್ಲ ನಗುತ್ತಾನೆ. ನನಗೆ ನಗು ಬರುವುದಿಲ್ಲ.

ಅದೇ ವರ್ಷ ಕಲ್ಯಾಣ-ಡೊಂಬಿವಲಿಯ 65 ಕಟ್ಟಡಗಳ ಸುದ್ದಿ ಎಲ್ಲ ಪತ್ರಿಕೆಗಳಲ್ಲಿ ಬಂತು, ನೆನಪಿರಬಹುದು. ಪಾಲಿಕೆಯ ಹೆಸರಿನ ನಕಲಿ ಪರವಾನಗಿ ತೋರಿಸಿ ಮಹಾರೇರಾ ನಂಬರ್ ಪಡೆದಿದ್ದ ಕಟ್ಟಡಗಳು. ಆರ್ಕಿಟೆಕ್ಟ್ ಒಬ್ಬರು ಬೆನ್ನು ಹತ್ತಿ ಹೈಕೋರ್ಟಿಗೆ ಹೋದರು. 2024ರ ನವೆಂಬರಿನಲ್ಲಿ ಹೈಕೋರ್ಟು ಕೆಡವಲು ಹೇಳಿತು. ಅಷ್ಟರಲ್ಲಿ ಅಲ್ಲಿ ಸಾವಿರಾರು ಸಂಸಾರಗಳು ಸೇರಿಕೊಂಡಿದ್ದವು. ಬಾಗಿಲಿಗೆ ತೋರಣ ಕಟ್ಟಿ, ಗ್ಯಾಸ್ ಕನೆಕ್ಷನ್ ತಗೊಂಡು, ಬ್ಯಾಂಕಿಗೆ ಕಂತು ಕಟ್ಟುತ್ತ ಇದ್ದವರು. ನಂಬರ್ ನೋಡಿಯೇ ತಗೊಂಡದ್ದು ಅಂತ ಅವರೂ ಹೇಳುತ್ತಿದ್ದರು. ನಾನು ಅಡುಗೆಯವನಿಗೆ ಹೇಳಿದ್ದೂ ಅದೇ ಮಾತಲ್ವಾ?

ಇದಕ್ಕೆ ಮಹಾರೇರಾ ಸುಮ್ಮನೆ ಕೂತಿಲ್ಲ, ಅದನ್ನೂ ಹೇಳಬೇಕು. 2023ರಿಂದ ಬಿಲ್ಡರ್ ಕೊಟ್ಟ ಪರವಾನಗಿಯನ್ನು ಪಾಲಿಕೆಯ ಅಧಿಕೃತ ಇ-ಮೇಲಿಗೆ ಕಳಿಸಿ, ಇದು ನಿಮ್ಮದೇ ಹೌದಾ ಅಂತ ಕೇಳುವ ಪದ್ಧತಿ ಮಾಡಿದ್ದಾರೆ. ಅದೇ ವರ್ಷ ಆಗಸ್ಟ್ 1ರಿಂದ ಜಾಹೀರಾತಿನಲ್ಲಿ ಕ್ಯೂಆರ್ ಕೋಡ್ ಕಡ್ಡಾಯ. ಇಲ್ಲದಿದ್ದರೆ 50,000 ರೂಪಾಯಿವರೆಗೆ ದಂಡ.

ದುಡ್ಡಿನ ವಿಚಾರದಲ್ಲಂತೂ ನಿಜಕ್ಕೂ ಒಳ್ಳೆ ಕೆಲಸ ಆಗಿದೆ. ಗಿರಾಕಿಯ ದುಡ್ಡಿನ 70 ಪರ್ಸೆಂಟನ್ನು ಜಾಗ ಮತ್ತು ಕಟ್ಟಡದ ಖರ್ಚಿಗೆ ಅಂತಲೇ ಬೇರೆ ಖಾತೆಯಲ್ಲಿ ಇಡಬೇಕು ಅನ್ನುವುದು ಮೂಲ ಕಾನೂನಿನಲ್ಲೇ ಇತ್ತು. ಒಂದು ಕಟ್ಟಡಕ್ಕೆ ಅಂತ ಜನ ಕೊಟ್ಟ ದುಡ್ಡಲ್ಲಿ ಬಿಲ್ಡರ್ ಇನ್ನೊಂದು ಕಡೆ ಜಾಗ ತಗೊಳ್ಳುವುದು, ಮೊದಲನೆಯದು ನಾಲ್ಕನೇ ಮಾಳಿಗೆಗೆ ನಿಲ್ಲುವುದು, ಇದನ್ನು ಕಣ್ಣಾರೆ ಕಂಡವನು ನಾನು. ಆದರೆ ದುಡ್ಡು ಮೊದಲು ಯಾವ ಖಾತೆಗೆ ಬರುತ್ತದೆ ಅನ್ನುವುದು ಗಿರಾಕಿಗೆ ಸ್ಪಷ್ಟ ಇರಲಿಲ್ಲ. 2024ರ ಜುಲೈ 1ರಿಂದ ಒಂದೇ ಬ್ಯಾಂಕಿನಲ್ಲಿ ಮೂರು ಖಾತೆ. ಎಲ್ಲ ದುಡ್ಡೂ ಮೊದಲು ಕಲೆಕ್ಷನ್ ಖಾತೆಗೆ. ಅಲ್ಲಿಂದ 70 ಪರ್ಸೆಂಟ್ ಎರಡನೆಯದಕ್ಕೆ, ಉಳಿದ 30 ಮೂರನೆಯದಕ್ಕೆ. 40 ಲಕ್ಷದಲ್ಲಿ 28 ಲಕ್ಷ ಎರಡನೆಯ ಖಾತೆಗೆ ಹೋಗುತ್ತದೆ. ಅದನ್ನು ತೆಗೆಯಬೇಕಾದರೆ ಎಷ್ಟು ಕೆಲಸ ಆಗಿದೆ ಅಂತ ಎಂಜಿನಿಯರ್, ಆರ್ಕಿಟೆಕ್ಟ್, ಸಿಎ ಮೂವರೂ ಬರೆದುಕೊಡಬೇಕು.

ಕಳೆದ ವರ್ಷ ಒಂದು ಸೈಟ್ ಆಫೀಸಿಗೆ ಗಿರಾಕಿಯನ್ನು ಕರೆದುಕೊಂಡು ಹೋಗಿದ್ದೆ. ಚೆಕ್ ಬರೆಯುವ ಹೊತ್ತಿಗೆ ಅಲ್ಲಿಯ ಹುಡುಗ ಒಂದು ಚೀಟಿ ಕೊಟ್ಟ, "ಸದ್ಯಕ್ಕೆ ಈ ಹೆಸರಿಗೆ ಬರೀರಿ, ಆಮೇಲೆ ಅಡ್ಜಸ್ಟ್ ಮಾಡ್ತೇವೆ" ಅಂದ. ಬೇರೆಯೇ ಫರ್ಮಿನ ಹೆಸರು. ಮೊದಲಾಗಿದ್ದರೆ ನಾನೇ ಪೆನ್ನು ಕೊಡುತ್ತಿದ್ದೆ. ಈ ಸಲ ಗಿರಾಕಿಯ ಚೆಕ್‌ಬುಕ್ ಮುಚ್ಚಿಸಿ, ಪ್ರಾಜೆಕ್ಟಿನ ಕಲೆಕ್ಷನ್ ಖಾತೆಯ ನಂಬರ್ ಕೇಳಿದೆ. ಹುಡುಗ ಒಳಗೆ ಹೋದ. ಹದಿನೈದು ನಿಮಿಷ ಬಂದೇ ಇಲ್ಲ. ಎಸಿ ಚೆನ್ನಾಗಿತ್ತು, ಕೂತೆವು. ಬಂದಾಗ ಚೀಟಿ ಬೇರೆ ಇತ್ತು, ಸರಿಯಾದ ಖಾತೆ. ಆ ಬಿಲ್ಡರ್ ಆಮೇಲೆ ನನ್ನನ್ನು ಯಾವ ಏಜೆಂಟ್ ಮೀಟಿಂಗಿಗೂ ಕರೆದಿಲ್ಲ.

ಈಗ ನನ್ನ ತಕರಾರು. ಏಜೆಂಟ್ ಆಗಲು ನಾನು ಪಾಠ ಕೇಳಿ, ಪರೀಕ್ಷೆ ಬರೆದು, ಪಾಸಾಗಿ ಬರಬೇಕು. ಕೋಟಿಗಟ್ಟಲೆ ದುಡ್ಡು ಎತ್ತುವ ಪ್ರಾಜೆಕ್ಟ್ ಪಾಸೋ ಫೇಲೋ ಅಂತ ಗಿರಾಕಿಗೆ ತಿಳಿಯುವುದು ಹೇಗೆ? ಮದುವೆಯ ಆ ಹುಡುಗನ ಕ್ಯೂಆರ್ ಕೋಡನ್ನು ಮನೆಗೆ ಬಂದು ನಾನು ತೆರೆದು ನೋಡಿದೆ. ಪಿಡಿಎಫ್‌ಗಳ ರಾಶಿ. ಸಿಎ ಸರ್ಟಿಫಿಕೇಟಿನ ಅಕ್ಷರ ಫೋನಿನಲ್ಲಿ ಇರುವೆ ಸಾಲಿನ ಹಾಗೆ. ದೊಡ್ಡದು ಮಾಡಿದರೆ ಪುಟ ಪಕ್ಕಕ್ಕೆ ಓಡುತ್ತದೆ. ನನಗೇ ಅರ್ಧ ಗಂಟೆ ಬೇಕಾಯಿತು. ನನ್ನ ಅಡುಗೆಯವನಿಗೆ ಏನು ತಿಳಿದೀತು?

ಆ ಪುಟದ ನೆತ್ತಿಯ ಮೇಲೆ ನಾಲ್ಕು ಸಾಲು ಸಾಕು. ಪರವಾನಗಿ ತಮ್ಮದೇ ಅಂತ ಪಾಲಿಕೆ ಉತ್ತರ ಕೊಟ್ಟಿದೆಯಾ, ಕೊಟ್ಟದ್ದು ಯಾವ ತಾರೀಕು. ಚೆಕ್ ಯಾವ ಖಾತೆಗೆ ಬರೆಯಬೇಕು. ಇದುವರೆಗೆ ಬಂದ ದುಡ್ಡೆಷ್ಟು, ಎದ್ದ ಮಾಳಿಗೆ ಎಷ್ಟು. ಮೂರು ತಿಂಗಳಿಗೊಮ್ಮೆ ಬಿಲ್ಡರ್ ಕೊಡಬೇಕಾದ ವರದಿ ಬಂದಿದೆಯಾ ಇಲ್ವಾ. ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ದೊಡ್ಡ ಅಕ್ಷರದಲ್ಲಿ ಹಾಕಲಿ. ಕನ್ನಡದಲ್ಲಿ ಹಾಕಿ ಅಂತ ನಾನು ಹಠ ಮಾಡುವುದಿಲ್ಲ, ಅದನ್ನು ಓದಿ ಹೇಳುವ ಕೆಲಸ ನಮ್ಮಂಥವರು ಮಾಡುತ್ತೇವೆ. ಪಾಲಿಕೆಯಿಂದ ಉತ್ತರ ಬಾರದಿದ್ದರೆ 'ಉತ್ತರ ಬಂದಿಲ್ಲ' ಅಂತಲೇ ಕೆಂಪಕ್ಷರದಲ್ಲಿ ಬರೆಯಲಿ.

ಇನ್ನೊಂದು, ಆದೇಶ ಆದ ಮೇಲಿನ ವಸೂಲಿ. ಮನೆ ತಡವಾದರೆ ಬಡ್ಡಿ ಕೊಡಿ ಅಂತ ಮಹಾರೇರಾ ಹೇಳುತ್ತದೆ. ಬಿಲ್ಡರ್ ಕೊಡದಿದ್ದರೆ ಭೂಕಂದಾಯದ ಬಾಕಿಯ ಹಾಗೆ ಜಿಲ್ಲಾಧಿಕಾರಿ ಕಚೇರಿ ವಸೂಲು ಮಾಡಬೇಕು. ನನ್ನ ಒಬ್ಬ ಗಿರಾಕಿ, ನಿವೃತ್ತ ಶಿಕ್ಷಕಿ, ಗೆದ್ದ ಆದೇಶವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಕಚೇರಿಗೆ ಅಲೆಯುತ್ತಿದ್ದಾರೆ. ಕವರ್ ಈಗಾಗಲೇ ಎರಡು ಸಲ ಬದಲಾಯಿಸಿದರು. ದೂರು ಕೊಡುವುದು ಆನ್‌ಲೈನ್, ಆದೇಶ ಆನ್‌ಲೈನ್, ವಸೂಲಿ ಮಾತ್ರ ಇನ್ನೂ ಬೆಂಚಿನ ಮೇಲೆ ಕೂತು ಕಾಯುವುದು. ತಮ್ಮ ಫೈಲ್ ಯಾವ ತಹಶೀಲ್ದಾರರ ಬಳಿ ಇದೆ ಅನ್ನುವುದನ್ನಾದರೂ ಫೋನಿನಲ್ಲಿ ತೋರಿಸಿದರೆ ಆ ಟೀಚರಿಗೆ ರಿಕ್ಷಾ ಖರ್ಚು ಉಳಿಯುತ್ತದೆ.

ಮದುವೆ ಊಟದ ಹುಡುಗನಿಗೆ ಮೊನ್ನೆ ಫೋನ್ ಮಾಡಿದೆ. ಶನಿವಾರ ಅಂಗಡಿಗೆ ಬಾ, ಲ್ಯಾಪ್‌ಟಾಪ್ ತಾ, ಪಾಲಿಕೆಯ ವೆಬ್‌ಸೈಟನ್ನೂ ಒಟ್ಟಿಗೆ ತೆರೆದು ಪರವಾನಗಿ ನಂಬರ್ ತಾಳೆ ನೋಡುವ ಅಂದಿದ್ದೇನೆ. "ಟೋಕನ್ ಕೊಟ್ಟಾಯ್ತು ಮಾಮ, ಐವತ್ತೊಂದು ಸಾವಿರ" ಅಂದ. ರಸೀದಿ ಯಾವ ಹೆಸರಲ್ಲಿ ಅಂತ ಕೇಳಿದೆ. ಹುಡುಕಿ ಹೇಳ್ತೇನೆ ಅಂದಿದ್ದಾನೆ.

ನನ್ನ ಹೆಸರು ಹಾಕಬೇಡಿ ಸ್ವಾಮಿ. ಸೋಮವಾರ ಮತ್ತೆ ಇದೇ ಬಿಲ್ಡರುಗಳ ಆಫೀಸಿಗೆ ಹೋಗಲಿಕ್ಕುಂಟು.

– ಒಬ್ಬ ಎಸ್ಟೇಟ್ ಏಜೆಂಟ್, ಡೊಂಬಿವಲಿ ಪೂರ್ವ