ಹಿಕ್ಕೆ ಮೆತ್ತಿದ ಮೊಟ್ಟೆಯನ್ನು ತೊಳೆದು ಮರಿ ಮಾಡಿಸಲು ಇಡಬೇಡಿ

ಮಾನ್ಯ ಸಂಪಾದಕರೇ,

ನಾಟಿ ಕೋಳಿ, ಗಿರಿರಾಜ, ಸ್ವರ್ಣಧಾರಾ ತಳಿ ಸಾಕುವವರ ಮನೆಗಳಿಗೆ ಐವತ್ತು, ನೂರು ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸುವ ಚಿಕ್ಕ ಇನ್‌ಕ್ಯುಬೇಟರ್‌ಗಳು ಬಂದಿವೆ. ಉಷ್ಣಾಂಶ 37.5 ಡಿಗ್ರಿ ಇರಲಿ, ಕೊನೆಯ ಮೂರು ದಿನ ತೇವಾಂಶ ಹೆಚ್ಚಿಸಿ ಎಂಬ ಸಲಹೆ ಕೃಷಿ ಪುಟಗಳಲ್ಲಿ ಬೇಕಾದಷ್ಟು ಸಿಗುತ್ತದೆ. ಯಾವ ಮೊಟ್ಟೆಯನ್ನು ಒಳಗಿಡಬಾರದು ಎಂಬುದನ್ನು ಹೇಳುವವರು ಕಡಿಮೆ. ಮರಿ ಬರದಿದ್ದರೆ ಬೈಗುಳವೆಲ್ಲ ಯಂತ್ರಕ್ಕೆ. ಕೆಡಿಸಿದ್ದು ಎಷ್ಟೋ ಸಲ ಹಿಕ್ಕೆ ಮೆತ್ತಿದ ಒಂದೆರಡು ಮೊಟ್ಟೆ.

ಅಂಥ ಮೊಟ್ಟೆಯನ್ನು ನಲ್ಲಿ ಕೆಳಗೆ ಹಿಡಿದು ಉಜ್ಜುವುದು ದೊಡ್ಡ ಎಡವಟ್ಟು. ಚಿಪ್ಪಿನ ತುಂಬ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿವೆ. ಕೋಳಿ ಮೊಟ್ಟೆ ಇಡುವಾಗ ಮೇಲಿರುವ ತೇವದ ಲೇಪ ಒಣಗಿ ಅವುಗಳ ಬಾಯಿ ಮುಚ್ಚುತ್ತದೆ. ಉಜ್ಜಿದರೆ ಆ ಲೇಪ ಹೋಯಿತು. ತಣ್ಣೀರು ತಾಗಿದರೆ ಒಳಗಿನದು ಕುಗ್ಗಿ, ಚಿಪ್ಪಿನ ಮೇಲಿನ ಕೊಳೆನೀರನ್ನೇ ಒಳಕ್ಕೆ ಎಳೆದುಕೊಳ್ಳುತ್ತದೆ. ಮರಿ ಬೆಳೆಯುವ ಕಾವಿನಲ್ಲೇ ಬ್ಯಾಕ್ಟೀರಿಯಾ ಕೂಡ ಸೊಗಸಾಗಿ ಬೆಳೆಯುತ್ತದೆ. ಒಂದೇ ಒದ್ದೆ ಬಟ್ಟೆಯಲ್ಲಿ ಎಲ್ಲವನ್ನೂ ಒರೆಸುವುದು ಇನ್ನೂ ಕೆಟ್ಟದ್ದು: ಒಂದರ ಹಿಕ್ಕೆ ಇಡೀ ಟ್ರೇಗೆ ಹತ್ತುತ್ತದೆ.

ಕಡಲೆಕಾಳಿನಷ್ಟು ಒಣ ಕಲೆಯಿದ್ದರೆ ಉಗುರಿನಲ್ಲಿ ಅಷ್ಟನ್ನೇ ಕೆರೆದು ತೆಗೆದರೆ ಸಾಕು. ಅದಕ್ಕಿಂತ ಹೆಚ್ಚು ಕೊಳೆಯಾಗಿದ್ದನ್ನು ಕಾವಿಗೆ ಇಡದಿರುವುದೇ ಲೇಸು. ಅಪರೂಪದ ತಳಿ, ಬಿಡಲು ಮನಸ್ಸಿಲ್ಲ ಎನ್ನುವವರು 40ರಿಂದ 43 ಡಿಗ್ರಿಯ ನೀರು ಬಳಸಲಿ. ಕೈಯಂದಾಜು ಬೇಡ, ಥರ್ಮಾಮೀಟರ್ ಇಟ್ಟೇ ನೋಡಬೇಕು. ನೀರು ಮೊಟ್ಟೆಗಿಂತ ಬಿಸಿ ಇರುವುದೇ ಇಲ್ಲಿನ ಗುಟ್ಟು. ಶೇ 4ರ ಸೋಡಿಯಂ ಹೈಪೋಕ್ಲೋರೈಟ್ (ಸೋಂಕುನಾಶಕ ದ್ರಾವಣ) ಲೀಟರಿಗೆ 5 ಮಿ.ಲೀ. ಬೆರೆಸಿ, ಎರಡು ನಿಮಿಷದೊಳಗೆ ತೊಳೆದು, ಒರೆಸದೆ ಆರಲು ಬಿಡಿ. ನೀರು ಕದಡಿದ ತಕ್ಷಣ ಚೆಲ್ಲಿ ಹೊಸದು ಮಾಡಿ. ತೊಳೆದ ಮೊಟ್ಟೆಗಳನ್ನು ಟ್ರೇಯ ಒಂದು ಮೂಲೆಯಲ್ಲಿ, ಪೆನ್ಸಿಲ್ ಗುರುತು ಹಾಕಿ ಇಡಿ.

ಬಿರುಕಿನ ವಿಷಯ ಬೇರೆ. ಕತ್ತಲಲ್ಲಿ ಟಾರ್ಚ್ ಮೇಲಿಟ್ಟರೆ ಕೂದಲೆಳೆ ಬಿರುಕೂ ಬೆಳ್ಳಗೆ ಹೊಳೆಯುತ್ತದೆ. ಎರಡು ಮೊಟ್ಟೆಗಳನ್ನು ಮೆಲ್ಲಗೆ ತಾಗಿಸಿದರೆ ಬಿರುಕಿದ್ದದ್ದು ಒಡಕು ಸದ್ದು ಕೊಡುತ್ತದೆ. ಒಳಪೊರೆ ಹರಿದು ಲೋಳೆ ಜಿನುಗುತ್ತಿದ್ದರೆ ಎಸೆಯಿರಿ. ಪೊರೆ ಗಟ್ಟಿಯಿದ್ದರೆ ಕರಗಿದ ಮೇಣವನ್ನು ಬಿರುಕಿನ ಗೆರೆಯ ಮೇಲಷ್ಟೇ ತೆಳ್ಳಗೆ ಎಳೆಯಬಹುದು. ಚಿಪ್ಪಿಗೆಲ್ಲ ಬಳಿದರೆ ಮರಿಗೆ ಉಸಿರು ಕಟ್ಟುತ್ತದೆ. ಬಿರುಕಿನಿಂದ ನೀರಿನಂಶ ಬೇಗ ಆರುವುದೇ ಮುಖ್ಯ ತೊಂದರೆ. 50 ಗ್ರಾಂ ಮೊಟ್ಟೆ 18ನೇ ದಿನಕ್ಕೆ ಸುಮಾರು 6 ಗ್ರಾಂ ಇಳಿಯಬೇಕು. ಹತ್ತನೇ ದಿನಕ್ಕೇ ಅಷ್ಟು ಇಳಿದಿದ್ದರೆ ಅದರ ಆಸೆ ಬಿಡಬಹುದು.

ಹಾಗಾದರೂ ಒಂದು ಮೊಟ್ಟೆ ಕೊಳೆತರೆ? 7 ಮತ್ತು 14ನೇ ದಿನ ಟಾರ್ಚ್ ಹಿಡಿದು ನೋಡುವುದನ್ನು ತಪ್ಪಿಸಬೇಡಿ. ರಕ್ತನಾಳಗಳ ಜಾಲ ಕಂಡರೆ ಸರಿ. ಬರೀ ರಕ್ತದ ಉಂಗುರ ಕಂಡರೆ ಭ್ರೂಣ ಸತ್ತಿದೆ. ಚಿಪ್ಪಿನ ಮೇಲೆ ಜೇನುಬಣ್ಣದ ಹನಿ, ಗಬ್ಬು ವಾಸನೆ ಇದ್ದರೆ ಒಳಗೆ ಅನಿಲ ತುಂಬುತ್ತಿದೆ ಎಂದರ್ಥ. ಅಲ್ಲಾಡಿಸದೆ, ಪ್ಲಾಸ್ಟಿಕ್ ಚೀಲ ಕೈಗೆ ಹಾಕಿಕೊಂಡು ಹಿಡಿದು, ಚೀಲವನ್ನು ಮಗುಚಿ ಗಂಟು ಕಟ್ಟಿ ಹೊರಗೊಯ್ದು ಹೂಳಿ. ಒಳಗೇ ಒಡೆದರೆ ಮೊದಲು ಫ್ಯಾನ್ ನಿಲ್ಲಿಸಿ, ಇಲ್ಲವಾದರೆ ಕೊಳೆ ಎಲ್ಲೆಡೆ ಹಾರುತ್ತದೆ. ಸಿಡಿದ ರಸ ಮೆತ್ತಿದ ಮೊಟ್ಟೆಗಳನ್ನು ತೆಗೆದುಹಾಕಿ, ಟ್ರೇ ಒರೆಸಿ, ನೀರಿನ ತಟ್ಟೆ ಬದಲಿಸಿ. ಇಪ್ಪತ್ತು ನಿಮಿಷ ಹೊರಗಿದ್ದರೆ ಉಳಿದವಕ್ಕೇನೂ ಆಗುವುದಿಲ್ಲ, ಗಾಬರಿ ಬೇಡ. ಮರಿಯಾದ ಮೊದಲ ವಾರದಲ್ಲಿ ಹೊಕ್ಕುಳು ಒದ್ದೆಯಾಗಿ, ಹೊಟ್ಟೆ ಉಬ್ಬಿ ಸಾಯುವುದಕ್ಕೂ ಅನೇಕ ಸಲ ಈ ಸೋಂಕೇ ಕಾರಣ. ಜನ ಮರಿಗಳಿಗೆ ಬಿಸಿ ಕೊಡುವ ಬ್ರೂಡರ್ ಬಲ್ಬನ್ನು ದೂರುತ್ತಾರೆ.

ಫಾರ್ಮಾಲಿನ್, ಪೊಟ್ಯಾಸಿಯಂ ಪರ್ಮಾಂಗನೇಟ್ ಹೊಗೆ ಹಾಕಿ ಸೋಂಕು ಕಳೆಯುವುದು ಹ್ಯಾಚರಿಗಳ (ಮರಿ ಮಾಡಿಸುವ ಕೇಂದ್ರಗಳ) ಕೆಲಸ. ಮನೆಯೊಳಗೆ ಆ ವಿಷಾನಿಲ ಬೇಡವೇ ಬೇಡ.

ಗೂಡಿಗೆ ಒಣ ಭತ್ತದ ಹೊಟ್ಟು ಹಾಕಿ, ದಿನಕ್ಕೆ ಮೂರು ಸಲ ಮೊಟ್ಟೆ ಎತ್ತಿದರೆ ಈ ರಗಳೆಯಲ್ಲಿ ಮುಕ್ಕಾಲು ಪಾಲು ಇರುವುದಿಲ್ಲ. ಕಾವಿನ ಮೊಟ್ಟೆ ಮಾರುವವರು ತೊಳೆದು ಹೊಳಪು ಬರಿಸಿ ಕೊಡುವುದನ್ನು ನಿಲ್ಲಿಸಲಿ. ಕೊಳ್ಳುವವರು ತೊಳೆದದ್ದೇ, ಯಾವತ್ತು ಇಟ್ಟದ್ದು ಎಂದು ಕೇಳಿಯೇ ದುಡ್ಡು ಕೊಡಲಿ. ಏಳು ದಿನ ದಾಟಿದ್ದಾದರೆ ಬೇಡ ಎನ್ನಲಿ. ಬಸ್ಸಿನಲ್ಲಿ ಬಂದ ಮೊಟ್ಟೆಗಳನ್ನು ದಪ್ಪ ತುದಿ ಮೇಲಾಗಿ ಒಂದು ದಿನ ಅಲುಗಿಸದೆ ಇಟ್ಟು, ಟಾರ್ಚ್‌ನಲ್ಲಿ ನೋಡಿದ ಮೇಲೆಯೇ ಇನ್‌ಕ್ಯುಬೇಟರ್‌ಗೆ ಹಾಕಿ.

— ನಾಟಿ ಕೋಳಿ ಸಾಕಣೆದಾರರು, ತುಮಕೂರು ಜಿಲ್ಲೆ